ಉಸಿರುಕೊಂಬೆ

ಫೆಬ್ರವರಿ 18, ಮಂಗಳವಾರ, ಬೆಳಿಗ್ಗೆ 8.40. ಬೀರ್ ತಮ್ರಾದ ನ್ಯಾಷನಲ್ ಗಾರ್ಡ್ ಠಾಣೆಯ ಬಾಗಿಲು ಇನ್ನೂ ಅರ್ಧ ತೆರೆದಿತ್ತು. ಅಷ್ಟರಲ್ಲೇ ಹಾಜಿ ಮುಂಜಿ ಒಳಗೆ ನುಗ್ಗಿದ. ಸ್ಫಾಕ್ಸ್ ಸೀಮೆಯ ಒಳನಾಡಿನಲ್ಲಿ ಎರಡು ಎಣ್ಣೆ ಗಾಣ ಇಟ್ಟುಕೊಂಡವನು ಎಲ್ಲಿಯೂ ಸರದಿ ಕಾದು ನಿಂತ ಉದಾಹರಣೆ ಇಲ್ಲ.

"ಕೊಲೆ ಆಗಿದೆ. ಬರ್ಕೊಳ್ಳಿ," ಎಂದ.

ಕಾನ್‌ಸ್ಟೆಬಲ್ ಝುಹೈರ್ ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತ. "ಎಷ್ಟು ಜನ?"

"ಇಪ್ಪತ್ತೇಳು ಮರ."

ಝುಹೈರ್ ಮತ್ತೆ ಕೂತ. ಅವನು ಕರ್ಕೆನ್ನಾ ದ್ವೀಪದ ಮೀನುಗಾರರ ಮಗ. ಮರಕ್ಕಾಗಿ ಎದ್ದು ನಿಲ್ಲುವ ಅಭ್ಯಾಸವಿಲ್ಲ. ಆದರೆ ಒಳಕೋಣೆಯಿಂದ ಇನ್‌ಸ್ಪೆಕ್ಟರ್ ನೌಫಲ್ ಗರ್ಸಲ್ಲಾ ಆಗಲೇ ಹೊರಬಂದಿದ್ದ. ಅವನ ತಾಯಿ ಬೆರಳುಗಳಿಗೆ ಟಗರಿನ ಕೊಂಬಿನ ತುದಿ ತೊಟ್ಟು, ರೆಂಬೆಗಳನ್ನು ಬಾಚಿ ಬಾಚಿ ನಲವತ್ತು ಚಳಿಗಾಲ ಆಲಿವ್ ಕಾಯಿ ಉದುರಿಸಿದವಳು. ಇಪ್ಪತ್ತೇಳು ಆಲಿವ್ ಮರ ಎಂದರೆ ಒಂದು ಮನೆಯ ಅನ್ನ ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಯಾವ ತೋಟ, ಹಾಜಿ?"

"ಉತ್ತರದ ದಿಬ್ಬದ್ದು."

"ಮಿಸ್ಬಾಹ್ ಅಜ್ಜನ ತೋಟ."

"ಆಗಿತ್ತು. ಅಕ್ಟೋಬರ್‌ನಿಂದ ನಂದು. ಕೋರ್ಟ್ ಆರ್ಡರ್ ಇದೆ, ಬೇಕಾದ್ರೆ ಚೌಕಟ್ಟು ಹಾಕ್ಸಿ ತಂದ್ಕೊಡ್ತೀನಿ. ಹೋಗಿ ಆ ಮುದುಕನ್ನ ಎಳ್ಕೊಂಡು ಬನ್ನಿ. ಬೇರೆ ಯಾರು ಮಾಡ್ತಾರೆ?"

"ಮರ ಕೊನೇ ಸಲ ನೋಡಿದ್ದು ಯಾವಾಗ?"

"ಶುಕ್ರವಾರ. ಶನಿವಾರ, ಭಾನುವಾರ ಪಟ್ಟಣದಲ್ಲಿ ಮಗಳ ಮನೇಲಿದ್ದೆ. ನಿನ್ನೆ ಪೂರ್ತಿ ಗಾಣದ ಕೆಲಸ. ಇವತ್ತು ಹೋಗಿ ನೋಡಿದ್ರೆ ಎದೆ ಒಡೆದುಹೋಯ್ತು ಸಾಹೇಬ್ರೆ."

9.05ಕ್ಕೆ ದೂರು ದಾಖಲಾಯಿತು. ಎಫ್‌ಐಆರ್‌ನಲ್ಲಿ 'ಮರಗಳ ನಾಶ' ಎಂದು ಬರೆಯಬೇಕೆಂದು ಹಾಜಿ ಹಟ ಹಿಡಿದ. ಸ್ಥಳ ನೋಡುವವರೆಗೆ 'ಮರ ಕಡಿದ ಬಗ್ಗೆ ದೂರು' ಎಂದಷ್ಟೇ ಬರೆಯುವುದಾಗಿ ನೌಫಲ್ ಹೇಳಿದ. ನಾಶವಾದರೆ ಶಿಕ್ಷೆ ಬೇರೆ, ಕಡಿದರೆ ಬೇರೆ. ಅದು ಇಬ್ಬರಿಗೂ ಗೊತ್ತಿತ್ತು.

ಅವರು ದಿಬ್ಬ ಹತ್ತಿದಾಗ 10.15. ಕೆಂಪು ಮರಳುಮಣ್ಣಿನ ಮೇಲೆ, ಒಂದಕ್ಕೊಂದು ಇಪ್ಪತ್ತನಾಲ್ಕು ಹೆಜ್ಜೆ ದೂರದಲ್ಲಿ, ಇಪ್ಪತ್ತೇಳು ಮೋಟು ಬುಡಗಳು ನಿಂತಿದ್ದವು. ಎತ್ತರ ಮೊಣಕಾಲಿನಿಂದ ಸೊಂಟದವರೆಗೆ. ಮೇಲೆ ಬರೀ ಆಕಾಶ. ನೌಫಲ್ ಸುತ್ತ ಒಮ್ಮೆ ನೋಡಿದ. ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ರಾಕ್ಷಸರು," ಎಂದ ಝುಹೈರ್, ಅಳತೆ ಪಟ್ಟಿ ಬಿಚ್ಚುತ್ತ.

ನೌಫಲ್ ಮೊದಲ ಬುಡದ ಮುಂದೆ ಕುಕ್ಕರಗಾಲಲ್ಲಿ ಕೂತ. ಆಮೇಲೆ ಎರಡನೆಯದು, ಮೂರನೆಯದು. ಹತ್ತನೆಯದಕ್ಕೆ ಬರುವ ಹೊತ್ತಿಗೆ ಅವನ ಮುಖ ಬದಲಾಗಿತ್ತು.

"ಝುಹೈರ್, ಮಹಜರಿನಲ್ಲಿ ಬರಿ. ಎಲ್ಲ ಕಡಿತವೂ ಓರೆಯಾಗಿದೆ, ಮಳೆ ನೀರು ನಿಲ್ಲದ ಹಾಗೆ. ಪ್ರತಿ ಗಾಯಕ್ಕೂ ಸುಣ್ಣ ಕಲಸಿದ ಜೇಡಿಮಣ್ಣು ಮೆತ್ತಿದೆ. ಎಲೆ ಇರೋ ರೆಂಬೆ ಕುರಿಗಳಿಗೆ ಅಂತ ಬೇರೆ ಕಟ್ಟಿಟ್ಟಿದೆ, ದಪ್ಪ ಸೌದೆ ಬೇರೆ ಜೋಡಿಸಿದೆ."

"ಮತ್ತೆ ಇದು, ಸಾರ್? ಇಲ್ಲೊಂದು ಮರ್ತುಹೋಗಿದಾನೆ." ಝುಹೈರ್ ತೋರಿಸಿದ ಕಡೆ, ಬುಡದ ಪಕ್ಕದಲ್ಲಿ, ಬೆರಳು ದಪ್ಪದ ಒಂದೇ ಒಂದು ಹಸಿರು ಕೊಂಬೆ ಉಳಿದಿತ್ತು.

"ಇಪ್ಪತ್ತೇಳು ಸಲ ಮರೀತಾನಾ? ಎಲ್ಲದರಲ್ಲೂ ಇದೆ, ನೋಡು. ಅದು ಉಸಿರುಕೊಂಬೆ. ಅದೊಂದು ಇದ್ರೆ ಬೇರು ರಸ ಎಳೆಯೋದು ನಿಲ್ಸಲ್ಲ. ಇವನು ಮರ ಕೊಂದಿಲ್ಲ ಕಣೋ. ಐದು ವರ್ಷ ಕಾಯಿ ಬಿಡದ ಹಾಗೆ ಮಾಡಿದಾನೆ, ಅಷ್ಟೇ."

"ಇಷ್ಟೆಲ್ಲ ಕಡಿದು ಆಮೇಲೆ ಔಷಧಿ ಹಚ್ಚೋ ವೈರಿ ಇರ್ತಾನಾ, ಸಾರ್?"

"ಅದೇ ನಮ್ಮ ಕೇಸು," ಎಂದ ನೌಫಲ್. ಮಹಜರಿನ ಕೊನೆಯ ಸಾಲನ್ನು ತಾನೇ ಬರೆದ: ಇಪ್ಪತ್ತೇಳು ಮರಗಳು, ಎಲ್ಲವೂ ಜೀವಂತ.

ದಿಬ್ಬದ ಕೆಳಗೆ ಕುರಿ ಮೇಯಿಸುತ್ತಿದ್ದ ಹದ್ದಾ ಎಂಬ ಹೆಂಗಸನ್ನು 11.30ಕ್ಕೆ ವಿಚಾರಿಸಲಾಯಿತು.

"ಮೋಟಾರ್ ಗರಗಸದ ಸದ್ದು ಕೇಳಿಸ್ತಾ?"

"ಕೇಳಿಸ್ತು. ಫೆಬ್ರವರಿ ತಿಂಗಳು, ಕಾಯಿ ಇಳಿಸಿ ಮುಗೀತು, ಎಲ್ಲರೂ ಬೇಡದ ಕೊಂಬೆ ಕಡಿದು ಮರ ಸವರ್ತಾ ಇದಾರೆ. ಇನ್ನೇನು, ಮದುವೆ ವಾಲಗ ಕೇಳಿಸ್ಬೇಕಿತ್ತಾ?"

"ಯಾವತ್ತು?"

"ಶನಿವಾರ, ಭಾನುವಾರ. ಬಿಸಿಲೇರಿದಾಗಿಂದ ಹೊತ್ತು ಮುಳುಗೋವರೆಗೂ. ಹಗಲುಹೊತ್ತು ಮಾಡಿದ ಕೆಲಸ, ಕಳ್ಳತನ ಅಂತ ಯಾರಿಗೆ ಗೊತ್ತಾಗತ್ತೆ?"

"ಯಾರು ಅಂತ ನೋಡಿದ್ರಾ?"

"ನೀಲಿ ಅಂಗಿ, ಹುಲ್ಲಿನ ಟೋಪಿ, ಹೊಟ್ಟು ಬೀಳದ ಹಾಗೆ ಮುಖಕ್ಕೆ ಬಟ್ಟೆ. ಎಲ್ಲ ಸವರುಗಾರರೂ ಹಂಗೇ ಇರ್ತಾರೆ. 'ದೇವರು ಕೈಗೆ ಶಕ್ತಿ ಕೊಡ್ಲಿ' ಅಂತ ಕೂಗಿದೆ. ಕೈ ಎತ್ತಿದ್ರು. ಮಾತಾಡ್ಲಿಲ್ಲ." ಅವಳು ದಾರಿ ತಪ್ಪಿದ ಕುರಿಯೊಂದನ್ನು ಕೋಲಿನಿಂದ ತಿರುಗಿಸಿದಳು. "ಅದೊಂದು ವಿಚಿತ್ರ ಅನ್ನಿಸ್ತು. ಸವರುಗಾರರು ಮರದ ಮೇಲೆ ಕೂತ್ರೆ ಬಾಯಿ ಮುಚ್ಚಲ್ಲ, ದಾರೀಲಿ ಹೋಗೋ ನಾಯಿಗೂ ಯೋಗಕ್ಷೇಮ ಕೇಳ್ತಾರೆ."

ಬೀರ್ ತಮ್ರಾದಲ್ಲಿ ಸವರುಗಾರರು ಆರು ಜನ. ಆರೂ ಜನ ಆ ಎರಡು ದಿನ ಹನ್ನೆರಡು ಮೈಲಿ ಆಚೆ ಸಹಕಾರಿ ತೋಟದಲ್ಲಿದ್ದರು. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಇತ್ತು. ಅವರ ಹಿರಿಯ ಬೂಬಕ್ಕರ್ ಫೋನಿನ ಪರದೆಯ ಮೇಲೆ ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿದ.

"ಉಸಿರುಕೊಂಬೆ ತೆಂಕಣ ಮೂಲೇಲಿ ಬಿಟ್ಟಿದಾರೆ," ಎಂದ. "ಹಂಗೆ ಬಿಡೋದು ಮಿಸ್ಬಾಹ್ ಒಬ್ನೇ. ನಮಗೆಲ್ಲ ಅವನೇ ಕಲ್ಸಿದ್ದು, ನಾವು ಕಲೀಲಿಲ್ಲ ಅಂತ ಬೈದಿದ್ದೂ ಅವನೇ."

"ಅಂದ್ರೆ ಮಿಸ್ಬಾಹ್?"

"ಹೋದ ವರ್ಷ ಹಾಜಿ ತೋಟದಲ್ಲೇ ಕೂಲಿಗೆ ಮರ ಹತ್ತಿ ಬಿದ್ನಲ್ಲ. ಬಲಭುಜ ಪುಡಿಪುಡಿ. ಈಗ ಒಂದು ಚಮಚ ಎತ್ತಲಿ ನೋಡೋಣ." ಬೂಬಕ್ಕರ್ ಫೋನು ಹಿಂದಕ್ಕೆ ಕೊಟ್ಟ.

ಮಧ್ಯಾಹ್ನ 3.20. ಮಿಸ್ಬಾಹನ ಮನೆಯಲ್ಲಿ ಎರಡು ಕೋಣೆ, ಒಂದು ಅಂಗಳ. ಮುದುಕ ಗೋಡೆಗೆ ಒರಗಿ ಕೂತಿದ್ದ. ಪೊಲೀಸರನ್ನು ನೋಡಿದ್ದೇ, ಯಾರೂ ಕೇಳುವ ಮೊದಲೇ, "ನಾನೇ ಮಾಡಿದ್ದು. ನಡೀರಿ," ಎಂದ.

"ಕೂತ್ಕೊ ಅಜ್ಜ. ಚಹಾ ಕೊಡಲ್ವಾ?"

ಮಿಸ್ಬಾಹನ ಮಗಳು ಜನ್ನಾತ್ ಚಹಾ ತಂದಳು. ಮೂವತ್ತನಾಲ್ಕು ವರ್ಷ, ಅಗಲ ಭುಜ, ನೆಟ್ಟ ನೋಟ. ಲೋಟವನ್ನು ಅಪ್ಪನ ಬಲಗಡೆ ಇಟ್ಟಳು. ಅಭ್ಯಾಸಬಲದಿಂದ ಇಟ್ಟಿದ್ದಳು, ತಕ್ಷಣ ಎತ್ತಿ ಎಡಗಡೆಗೆ ಸರಿಸಿದಳು. ಅವಳ ಬೆರಳ ಗೆಣ್ಣುಗಳಲ್ಲಿ ಚರ್ಮ ಬಿರಿದು ಬೆಳ್ಳಗಾಗಿತ್ತು. ಸುಣ್ಣ ಕಲಸಿದ ಕೈ ಹೇಗಿರುತ್ತದೆಂದು ನೌಫಲ್‌ಗೆ ಗೊತ್ತು.

"ಅಜ್ಜ, ಬಲಗೈ ಎತ್ತು."

"ಯಾಕೆ?"

"ಗರಗಸ ಎತ್ತಿದ ಕೈ ಅಲ್ವಾ, ಸ್ವಲ್ಪ ನೋಡೋಣ."

ಮುದುಕ ಎತ್ತಲು ನೋಡಿದ. ಕೈ ಹೊಟ್ಟೆಯ ಹತ್ತಿರ ಬಂದು ನಿಂತಿತು. ತುಟಿ ಕಚ್ಚಿ ಮತ್ತೆ ಪ್ರಯತ್ನಿಸಿದ. ಹಣೆಯಲ್ಲಿ ಬೆವರು ಬಂತು.

"ಸಾಕು, ಅಪ್ಪಾ," ಎಂದಳು ಜನ್ನಾತ್. "ಸಾಹೇಬ್ರೆ, ಅಪ್ಪನ್ನ ಹಿಂಸೆ ಮಾಡ್ಬೇಡಿ. ಗರಗಸ ಮಂಚದ ಕೆಳಗಿದೆ, ನೀಲಿ ಅಂಗಿ ಹಗ್ಗದ ಮೇಲೆ ಒಣಗ್ತಾ ಇದೆ, ಸುಣ್ಣದ ಬಕೆಟ್ಟು ಹಿತ್ತಲಲ್ಲಿ. ತೊಗೊಳ್ಳಿ. ನಾನೇನೂ ಬಚ್ಚಿಟ್ಟಿಲ್ಲ."

"ಜನ್ನಾತ್, ಸುಮ್ನಿರು!" ಮುದುಕ ಕೂಗಿದ.

"ಒಂದು ವರ್ಷ ಸುಮ್ನಿದ್ದೆ."

ಅವಳು ಪೆಟ್ಟಿಗೆಯಿಂದ ಒಂದು ಕಾಗದ ತಂದು ನೌಫಲ್ ಕೈಗೆ ಕೊಟ್ಟಳು. ಇಬ್ಬರು ನೋಟರಿಗಳ ಸಹಿ, ಮುದ್ರೆ. ಐದು ವರ್ಷದ ಹಿಂದೆ ಹೆಂಡತಿಯ ಮೂತ್ರಪಿಂಡದ ಕಾಯಿಲೆಗೆ ಮಿಸ್ಬಾಹ್ ಹಾಜಿಯಿಂದ ಸಾಲ ತಂದಿದ್ದ. ಹೆಂಡತಿ ಉಳಿಯಲಿಲ್ಲ, ಸಾಲ ಉಳಿಯಿತು. ತೀರಿಸುವ ಒಪ್ಪಂದ ಸರಳವಾಗಿತ್ತು: ಐದು ವರ್ಷದ ಕಾಯಿ ಹಾಜಿಗೆ; ಈ ಫೆಬ್ರವರಿ 14ಕ್ಕೆ ಸಾಲ ಚುಕ್ತಾ, ಮರ ಮಿಸ್ಬಾಹನಿಗೆ ವಾಪಸ್. ಒಂದೇ ಷರತ್ತು, ಪ್ರತಿ ವರ್ಷ ಮಾರ್ಚ್ ಮುಗಿಯುವುದರೊಳಗೆ ಮಿಸ್ಬಾಹ್ ಮರ ಸವರಬೇಕು. ಒಂದು ವರ್ಷ ತಪ್ಪಿದರೂ ಒಪ್ಪಂದ ಮುರಿದಂತೆ. ಮರವೂ ನೆಲವೂ ಹಾಜಿಗೆ.

"ಹೋದ ವರ್ಷ ಯಾಕೆ ಸವರಲಿಲ್ಲ?"

"ಅಪ್ಪ ಆಸ್ಪತ್ರೇಲಿದ್ದ. ನಾನು ಸವರಕ್ಕೆ ಹೊರಟಿದ್ದೆ. ನನಗೆ ಬರತ್ತೆ, ಹತ್ತು ವರ್ಷದವಳಿಂದ ಅಪ್ಪನ ಹಿಂದೆ ಏಣಿ ಹಿಡ್ದವಳು ನಾನು. ಆಗ ಹಾಜಿ ಆಸ್ಪತ್ರೆಗೆ ಬಂದ. ಒಂದು ಬುಟ್ಟಿ ಕಿತ್ತಳೆ ತಂದಿದ್ದ. 'ಮಗಳೇ, ನೀನು ಅಪ್ಪನ್ನ ನೋಡ್ಕೋ, ಮರ ನನಗೆ ಬಿಡು, ನನ್ನ ಆಳುಗಳು ಸವರ್ತಾರೆ' ಅಂದ. ನನ್ನ ತಲೆ ಮೇಲೆ ಕೈ ಇಟ್ಟ. ನಾನು ಆ ಕೈಗೆ ಮುತ್ತು ಕೊಟ್ಟೆ, ಸಾಹೇಬ್ರೆ." ಅವಳ ಧ್ವನಿ ಏರಲಿಲ್ಲ. "ಮಾರ್ಚ್ ಮೂವತ್ತೊಂದಕ್ಕೆ ಕೋರ್ಟಿನ ಅಮೀನನ್ನ ಕರ್ಕೊಂಡು ದಿಬ್ಬಕ್ಕೆ ಹೋದ. ಮರ ಸವರಿಲ್ಲ ಅಂತ ಬರೆಸ್ದ. ಕಾಗದ ಅವನ ಕಡೆ."

"ಅವನು ಹೇಳಿದ್ದಕ್ಕೆ ಸಾಕ್ಷಿ?"

"ಕಿತ್ತಳೆ. ಅದನ್ನೂ ತಿಂದುಬಿಟ್ವಿ. ಅದೇ ನನಗೆ ತಡೆಯಕ್ಕಾಗಲ್ಲ. ಚೆನ್ನಾಗಿದೆ ಅಂತ ಚಪ್ಪರಿಸ್ಕೊಂಡು ತಿಂದ್ವಿ."

ಝುಹೈರ್ ಬರೆಯುವುದನ್ನು ನಿಲ್ಲಿಸಿದ್ದ. ನೌಫಲ್ ಕಣ್ಣಿನಲ್ಲೇ ಬರೆಯೆಂದ.

"ಹಾಗಾದ್ರೆ ಅಕ್ಟೋಬರ್‌ನಲ್ಲೇ ಯಾಕೆ ಮಾಡಲಿಲ್ಲ? ಕೋರ್ಟ್ ತೀರ್ಪು ಬಂದಾಗ?"

"ಕಾಯಿ ತುಂಬಿದ್ವಲ್ಲ. ಕಾಯಿ ಹೊತ್ತ ಮರಕ್ಕೆ ಯಾರಾದ್ರೂ ಗರಗಸ ಇಡ್ತಾರಾ?" ಇಷ್ಟು ಹೊತ್ತಿಗೆ ಮೊದಲ ಬಾರಿ ಅವಳು ಇನ್‌ಸ್ಪೆಕ್ಟರನ ತಿಳಿವಳಿಕೆಯ ಬಗ್ಗೆ ಅನುಮಾನಪಟ್ಟಳು. "ಅವನ ಐದನೇ ಫಸಲು ಅವನು ತಿನ್ನಲಿ ಅಂತ ಬಿಟ್ಟೆ. ಸಾಲ ತೀರ್ಬೇಕಿತ್ತು. ಹದಿನಾಲ್ಕಕ್ಕೆ ತೀರ್ತು. ಹದಿನೈದಕ್ಕೆ ಮರ ನಮ್ಮ ಮನೆಗೆ ಬರ್ಬೇಕಿತ್ತು, ಬರಲಿಲ್ಲ. ನಾನೇ ಹೋದೆ. ಸವರಬೇಕು ಅಂತ ಕಾಗದದಲ್ಲಿ ಬರೆದಿದೆ. ಸವರಿದೆ."

ವಸ್ತುಗಳನ್ನು ಪಂಚರ ಮುಂದೆ ವಶಪಡಿಸಿಕೊಂಡದ್ದು 4.10ಕ್ಕೆ. ಸರ್ಕಾರಿ ವಕೀಲರಿಗೆ ಫೋನ್ ಮಾಡಿ 4.35ಕ್ಕೆ ಬಂಧನ. ಬೇಡಿ ಹಾಕಬೇಡ ಎಂದು ನೌಫಲ್ ಹೇಳಿದ. ಝುಹೈರ್ ಬೇಡಿಯನ್ನು ಜೇಬಿನಿಂದ ತೆಗೆದೇ ಇರಲಿಲ್ಲ. ಮುದುಕ ಬಾಗಿಲವರೆಗೆ ಬಂದು, "ಗಾಯಕ್ಕೆ ಮಣ್ಣು ಸರಿಯಾಗಿ ಮೆತ್ತಿದ್ಯಾ?" ಎಂದಷ್ಟೇ ಕೇಳಿದ. ಮೆತ್ತಿದ್ದೇನೆ ಎಂದಳು.

ಮರುದಿನ ಹಾಜಿಯ ಹೇಳಿಕೆ ಪಡೆಯಲಾಯಿತು.

"ಆಸ್ಪತ್ರೇಲಿ ಮರ ಸವರಿಸ್ತೀನಿ ಅಂತ ಹೇಳಿದ್ರಾ?"

"ಹೇಳಿರಬಹುದು. ಕಾಯಿಲೆಯವರ ಮನೇಲಿ ಸಮಾಧಾನಕ್ಕೆ ಸಾವಿರ ಹೇಳ್ತೀವಿ."

"ಬರ್ಕೊಳ್ಳಲಾ?"

"ಬೇಡ." ಹಾಜಿ ಗಡ್ಡ ತಿಕ್ಕಿಕೊಂಡ. "ಆ ಮೋಟುಗಳನ್ನ ಕಿತ್ತು ಹಾಕ್ಸಿ ಜಾಗ ಮಾರ್ತೀನಿ."

"ಆಲಿವ್ ಮರ ಕೀಳಕ್ಕೆ ಗವರ್ನರ್ ಅನುಮತಿ ಬೇಕು. ಜೀವ ಇರೋ ಮರಕ್ಕೆ ಕೊಡಲ್ಲ. ಜೀವ ಇದೆ ಅಂತ ಮಹಜರಿನಲ್ಲಿದೆ."

ಹಾಜಿ ನೌಫಲ್‌ನನ್ನೇ ದಿಟ್ಟಿಸಿದ. ನೌಫಲ್ ಕಡತ ಮುಚ್ಚಿದ. ಮಹಜರಿನ ಆ ಸಾಲು ಬರೆದಾಗ ಬಂದಿದ್ದಕ್ಕಿಂತ ಹೆಚ್ಚು ಖುಷಿ ಈಗ ಬಂತು. ಇನ್‌ಸ್ಪೆಕ್ಟರನಿಗೆ ಅದು ಶೋಭಿಸುವ ಖುಷಿಯಲ್ಲ, ಆದರೆ ಬಂತು.

ಹೊರಗಿನ ಬೆಂಚಿನ ಮೇಲೆ ಹೇಳಿಕೆಗೆ ಸಹಿ ಹಾಕಲು ಬೂಬಕ್ಕರ್ ಕಾಯುತ್ತಿದ್ದ. ಹಾಜಿ ಅವನ ಮುಂದೆ ನಿಂತ.

"ಮತ್ತೆ ಯಾವಾಗ ಕಾಯಿ ಬಿಡತ್ತೆ?"

"ಬೇಸಿಗೇಲಿ ಒಂದೊಂದು ಬುಡಕ್ಕೂ ಐವತ್ತು ಚಿಗುರು ಒಡೆಯತ್ತೆ, ಹಾಜಿ. ಅದ್ರಲ್ಲಿ ಮೂರು ಇಟ್ಕೊಂಡು ಮಿಕ್ಕಿದ್ದು ತೆಗೀಬೇಕು. ಯಾವ ಮೂರು ಅನ್ನೋದೇ ವಿದ್ಯೆ. ಗೊತ್ತಿರೋರು ನೋಡ್ಕೊಂಡ್ರೆ ಐದು ವರ್ಷ. ಗೊತ್ತಿಲ್ಲದೋರಾದ್ರೆ ಬರೀ ಪೊದೆ."

"ನೀನು ಬಾ. ಎರಡು ಪಟ್ಟು ಕೂಲಿ."

ಬೂಬಕ್ಕರ್ ಬೆಂಚಿನಿಂದ ಎದ್ದು, ಎಡಗೈಯಿಂದ ಬಲಭುಜ ಮೆಲ್ಲಗೆ ಒತ್ತಿಕೊಂಡ. "ಬರ್ತಿದ್ದೆ, ಹಾಜಿ. ಈಚೆಗೆ ಯಾಕೋ ಭುಜ ನೋವು."

ಅವತ್ತೇ ಸಂಜೆಯೊಳಗೆ ಊರಿನ ಆರೂ ಸವರುಗಾರರಿಗೆ ಬಲಭುಜ ನೋವು ಬಂತು. ಹಾಜಿ ಪಕ್ಕದ ಊರಿಗೂ ಹೋಗಿ ಕೇಳಿದ. ನೋವು ಅಲ್ಲಿಗೂ ಮುಟ್ಟಿತ್ತು.

ಫೆಬ್ರವರಿ 20, ಗುರುವಾರ, ಜನ್ನಾತಳನ್ನು ಸ್ಫಾಕ್ಸ್ ಕೋರ್ಟಿಗೆ ಒಪ್ಪಿಸುವ ದಿನ. ವರದಿಯಲ್ಲಿ 'ಕೃತ್ಯಕ್ಕೆ ಪ್ರೇರಣೆ' ಎಂಬ ಸಾಲಿನ ಮುಂದೆ ನೌಫಲ್ ಬಹಳ ಹೊತ್ತು ಕೂತಿದ್ದ. ಸಾಲ ಎಂದು ಬರೆದರೆ ಸುಳ್ಳು; ಸಾಲ ತೀರಿತ್ತು. ಕೊನೆಗೆ, 'ದೂರುದಾರರು ಕೊಟ್ಟ ಮಾತನ್ನು ಆರೋಪಿ ನಂಬಿದ್ದಳು' ಎಂದು ಬರೆದ.

ಜೀಪು ಹತ್ತುವ ಮುಂಚೆ ಝುಹೈರ್ ಅವಳಿಗೆ ಭುಜನೋವಿನ ಸುದ್ದಿ ಹೇಳಿದ. ಹೇಳಬಾರದಿತ್ತು, ದ್ವೀಪದವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಜನ್ನಾತ್ ತಲೆಬಟ್ಟೆಯ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಭುಜ ಅಲುಗುವಷ್ಟು ನಕ್ಕಳು.

"ಸಾಹೇಬ್ರೆ, ನನಗೆ ಎಷ್ಟು ವರ್ಷ ಹಾಕ್ಬಹುದು?"

"ಜಡ್ಜ್ ಹೇಳ್ಬೇಕು. ಮರ ಬದುಕಿವೆ, ಒಪ್ಕೊಂಡಿದೀಯ. ಒಂದೋ, ಒಂದೂವರೆಯೋ."

"ಅವನಿಗೆ ಐದು," ಎಂದಳು ಜನ್ನಾತ್. "ನಾನೇ ಮೊದ್ಲು ಹೊರಗೆ ಬರ್ತೀನಿ."

ಅವಳು ಜೀಪು ಹತ್ತಿ ಕಿಟಕಿಯ ಪಕ್ಕ ಕೂತಳು. ನೌಫಲ್ ಪುಸ್ತಕದಲ್ಲಿ ಹೊರಟ ಸಮಯ ಬರೆದು ಸಹಿ ಹಾಕಿದ: ಬೆಳಿಗ್ಗೆ 9.50.