ಅಬ್ದುಲ್ಲಾನ ಮಗನ ಮುದ್ರೆ

ಇಸ್ತಾಂಬುಲ್ ಅಂದ್ರೆ ಸುಮ್ನೆ ಊರಲ್ಲ, ಸುಲ್ತಾನರ ರಾಜಧಾನಿ! ಮೂರು ಕಡೆ ನೀರು, ನೀರಿನ ತುಂಬ ದೋಣಿ, ಮಸೀದಿ ಗುಮ್ಮಟಗಳ ಮೇಲೆ ಬೆಳಗಿನ ಬಿಸಿಲು, ಮೀನು ಮಾರೋರ ಕೂಗು, ಆ ಕೂಗಿನ ಮಧ್ಯೆನೇ ಅರಮನೆ ಕಡೆ ಓಡೋ ಕುದುರೆಗಳು. ಆವತ್ತು ಆ ಗದ್ದಲದೊಳಗೆ ಇಬ್ಬರು ಸಿಪಾಯಿಗಳು ಮುದುಕ ವೋಸ್ಕಾನನ್ನ ಅಂಗಡಿಯಿಂದ ಎಬ್ಬಿಸ್ಕೊಂಡು ಹೊರಟ್ರು. ಕೈಲಿದ್ದ ಉಳಿ ಕೆಳಗಿಡೋಕೂ ಬಿಡ್ಲಿಲ್ಲ!

ವೋಸ್ಕಾನ್ ಅರ್ಮೇನಿಯನ್ ಕ್ರೈಸ್ತ, ಮುದ್ರೆ ಕೆತ್ತೋನು. ಆ ಕಸುಬಿನೋರಿಗೆ ಅಲ್ಲಿ ಹಕ್ಕಾಕ್ ಅಂತಾರೆ, ಅದಕ್ಕೇ ಮನೆತನದ ಹೆಸರು ಹಕ್ಕಾಕ್ಯಾನ್. ಇದ್ದೊಬ್ಬ ಮಗ ಮೆಲ್ಕೋನ್ ಮಹಾ ಬುದ್ಧಿವಂತ, ನಾಲ್ಕು ಭಾಷೆ ಬರೀತಿದ್ದ. ವಜೀರರ ಕಾರ್ಯದರ್ಶಿ ಆಗ್ಬೇಕು ಅನ್ನೋ ಆಸೆ. ಆ ಪದವಿಗೆ ಮುಸಲ್ಮಾನ ಆಗ್ಬೇಕಿತ್ತು, ಆದ. ಸೆಲಾಮಿ ಅಂತ ಹೆಸರಾಯ್ತು, ಪದವಿಯೂ ಸಿಕ್ತು. ಹೊಸದಾಗಿ ಧರ್ಮಕ್ಕೆ ಬಂದೋರ ತಂದೆ ಹೆಸರಿನ ಜಾಗದಲ್ಲಿ ಅಬ್ದುಲ್ಲಾ ಅಂತಲೇ ಬರೆಯೋದು ಅಲ್ಲಿನ ವಾಡಿಕೆ. ಅಬ್ದುಲ್ಲಾ ಅಂದ್ರೆ ದೇವರ ದಾಸ. ಹೆತ್ತಪ್ಪ ಎದುರಿಗೇ ನಿಂತಿದ್ರೂ ಅಷ್ಟೇ!

ಆ ಹೊಸ ಹೆಸರಿನ ಮುದ್ರೆ ಮಾಡಿಸೋಕೆ ಹುಡುಗ ಬಂದದ್ದು ಎಲ್ಲಿಗೆ ಅಂತೀರಿ? ಅಪ್ಪನ ಅಂಗಡಿಗೇ!

"ನಿಮ್ಮಷ್ಟು ಚೆನ್ನಾಗಿ ಯಾರು ಕೆತ್ತಾರೆ ಅಪ್ಪಾ?"

"ಅಬ್ದುಲ್ಲಾ ಅನ್ನೋಕೆ ಇಷ್ಟು ಜಾಗ ಸಾಕು ಬಿಡು. ನನ್ನ ಹೆಸರೇ ಇಕ್ಕಟ್ಟಾಗ್ತಿತ್ತು," ಅಂದ ವೋಸ್ಕಾನ್.

ಕೆತ್ತಿದ. ತನ್ನ ಹೆಸರು ಇರಬೇಕಾದ ಜಾಗದಲ್ಲಿ ಇನ್ನೊಂದು ಹೆಸರನ್ನ ತನ್ನ ಕೈಯಾರೆ ಕೆತ್ತಿದ. ಕಣ್ಣು ಮಂಜಾಗಿತ್ತು, ಕೈ ಮಾತ್ರ ನಲವತ್ತು ವರ್ಷದ ರೂಢಿಯಂತೆ ಓಡ್ತಿತ್ತು. ಕೊನೆಗೆ ಮೂಲೆಯಲ್ಲಿ ಎಳ್ಳುಕಾಳಿನಷ್ಟು ಸಣ್ಣದಾಗಿ ಹಕ್ಕಾಕ್ಯಾನ್ ಅನ್ನೋ ಕಸುಬಿನ ಗುರುತನ್ನೂ ಹಾಕಿಬಿಟ್ಟಿತು!

ಅದು ಬಿದ್ದದ್ದು ದರ್ಬಾರಿನ ದೊಡ್ಡ ಅಧಿಕಾರಿ ಝುಲ್ಫಿಕಾರ್ ಪಾಷಾನ ಕಣ್ಣಿಗೆ. ಅವನಿಗೋ ವಜೀರನನ್ನ ಕಂಡ್ರೆ ಆಗಲ್ಲ. ಕಾರ್ಯದರ್ಶಿ ಬಿದ್ರೆ ವಜೀರನೂ ಬೀಳ್ತಾನೆ ಅಂತ ಲೆಕ್ಕ. ಅದಕ್ಕೇ ಆವತ್ತು ಸಿಪಾಯಿಗಳನ್ನ ಕಳಿಸಿ ಅಪ್ಪ ಮಗ ಇಬ್ಬರನ್ನೂ ಹಿಡಿಸಿ ತಂದಿದ್ದ.

"ನೋಡಿ ಕಾಜಿಗಳೇ!" ಅಂತ ನ್ಯಾಯಸ್ಥಾನದಲ್ಲಿ ಭೂತಗನ್ನಡಿ ಹಿಡಿದ. "ಮೇಲೆ ಅಬ್ದುಲ್ಲಾ, ಮೂಲೆಯಲ್ಲಿ ಅಪ್ಪನ ಮನೆತನ! ಇವನು ಒಳಗೊಳಗೇ ಹಳೇ ಧರ್ಮದೋನು. ತಲೆ ತೆಗೆಸಿ!"

ಸೆಲಾಮಿ ತಲೆ ಬಗ್ಗಿಸಿ ನಿಂತಿದ್ದ. ಮಗ ಸೊರಗಿದ್ದಾನೆ ಅನ್ನಿಸ್ತು ವೋಸ್ಕಾನನಿಗೆ. ಅಪಾಯ ತಂದದ್ದು ತನ್ನ ಕೈಯೇ!

"ಹುಜೂರ್, ಅದು ಕೆತ್ತಿದವನ ಗುರುತು, ಎಲ್ಲಾ ಮುದ್ರೆಗೂ ಹಾಕ್ತೀನಿ. ಪಾಷಾ ಸಾಹೇಬರ ಬೆರಳಲ್ಲಿರೋ ಮುದ್ರೆಯುಂಗುರ ಕೆತ್ತಿದ್ದೂ ನಾನೇ. ಅದನ್ನೂ ಒಂಚೂರು ನೋಡ್ಬೇಕು."

ಉಂಗುರ ಬಿಚ್ಚಿಸಿದ್ರು. ಕಾಜಿ ಭೂತಗನ್ನಡಿಯಲ್ಲಿ ನೋಡಿ ಗಡ್ಡದೊಳಗೇ ನಕ್ಕರು. "ಏನ್ ಪಾಷಾ, ತಾವೂ ಅರ್ಮೇನಿಯನ್ನೇ?"

ಸಭೆಯೆಲ್ಲ ಗೊಳ್ಳಂತು! ಪಾಷಾನ ಮುಖ ಕೆಂಪಗಾಯ್ತು.

"ಇರಲಿ! ಮೊನ್ನೆ ಈಸ್ಟರ್ ಊಟಕ್ಕೆ ಇವನು ನಿನ್ನ ಮನೆಗೆ ಬಂದಿದ್ದನಂತಲ್ಲ ಮುದುಕಾ?"

ಬಂದಿದ್ದ. ಅವರಮ್ಮ ಶುಶಾನ್ ಪಕ್ಕದಲ್ಲೇ ಕೂತು ಬಲವಂತವಾಗಿ ಉಣ್ಣಿಸಿದ್ದಳು. ವೋಸ್ಕಾನ್ ಬೈಬಲ್ ಮೇಲೆ ಕೈಯಿಟ್ಟ. ಬದುಕಿನಲ್ಲಿ ಒಂದೂ ಸುಳ್ಳು ಆಣೆ ಮಾಡಿದೋನಲ್ಲ.

"ನಮ್ಮನೆಗೆ ಯಾರೂ ಬಂದಿಲ್ಲ ಹುಜೂರ್. ಧರ್ಮ ಬಿಟ್ಟ ದಿನವೇ ನನ್ನ ಮಗ ಸತ್ತ."

"ಸತ್ತನಾ? ಸತ್ತೋರಿಗೆ ನಲವತ್ತನೇ ದಿನ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸ್ತೀರಲ್ಲ, ಮಾಡಿಸಿದ್ಯಾ?"

"ಇವತ್ತಿಗಿನ್ನೂ ಮೂವತ್ತಾರು. ಬರೋ ಭಾನುವಾರ ನಲವತ್ತು. ತಾವೂ ದಯಮಾಡಿಸ್ಬೇಕು."

"ನನ್ನ ಕಡೆಯೋನು ಬರ್ತಾನೆ," ಅಂದ ಪಾಷಾ.

ಕಾಜಿ ಸೆಲಾಮಿಯನ್ನ ಬಿಟ್ಟರು. ಹೊರಗೆ ಹೋಗುವಾಗ ಅವನು ಅಪ್ಪನ ಪಕ್ಕದಲ್ಲೇ ಹಾದ. ತೋಳಿಗೆ ತೋಳು ತಾಗಿತು. ಇಬ್ಬರೂ ತಿರುಗಿ ನೋಡ್ಲಿಲ್ಲ.

ಭಾನುವಾರ ಇಗರ್ಜಿಯಲ್ಲಿ ಮೊಂಬತ್ತಿ ಹಚ್ಚಿದ್ರು. ಕೇರಿಯೋರೆಲ್ಲ ಬಂದ್ರು. ಪಾಷಾನ ಗೂಢಚಾರ ಬಾಗಿಲ ಹತ್ರಾನೇ ನಿಂತ. ಪಾದ್ರಿ, "ಹಕ್ಕಾಕ್ಯಾನ್ ಮನೆತನದ ವೋಸ್ಕಾನನ ಮಗ ಮೆಲ್ಕೋನ್," ಅಂತ ಹೆಸರು ಓದಿದ್ದೇ ತಡ, ಶುಶಾನ್ ಎಂಥಾ ಕೂಗು ಕೂಗಿದಳು! ನಟನೆ ಮಾಡು ಅಂತ ಗಂಡ ಹೇಳಿಕೊಡಬೇಕಾಗಿರಲಿಲ್ಲ. ಗೂಢಚಾರನೇ ಟೋಪಿ ಸರಿಮಾಡ್ಕೊಂಡು ಅರ್ಧಕ್ಕೇ ಹೊರಟುಹೋದ.

ಪಾದ್ರಿಗೆ ವಿಷಯ ಗೊತ್ತಿತ್ತು. ಬಗ್ಗಿ ಮೆಲ್ಲಗೆ ಕೇಳಿದರು, "ಅವನು ಹೋದನಮ್ಮ. ಇನ್ನು ನಿಲ್ಲಿಸ್ಲಾ?"

ಶುಶಾನ್ ತಲೆವಸ್ತ್ರದಲ್ಲಿ ಮುಖ ಒರೆಸ್ಕೊಂಡಳು.

"ಬೇಡ ಸ್ವಾಮಿ, ಪೂರ್ತಿ ಮಾಡಿ. ನನ್ನ ಕಂದ ಇನ್ನು ಮನೆಗೆ ಬರಲ್ಲ."