ತಟ್ಟೆ ಪಕ್ಕದ ಸ್ಪೂನು

ಇವತ್ತು ‘ಈ ಮದುವೆ ಬೇಡ’ ಎಂದು ಹೇಳಿಯೇಬಿಡಬೇಕು ಎಂದುಕೊಂಡು ಗಗನ ಯಾದವಗಿರಿಯ ಒಂದು ಜಪಾನಿ ಸುಶಿ ರೆಸ್ಟೋರೆಂಟಿಗೆ ಬಂದಿದ್ದಳು. ಆದರೆ ಎದುರಿಗೆ ಕೂತ ಅಭಿಲಾಷ್ ನಕ್ಕಾಗಲೆಲ್ಲ ಆ ಮಾತು ಹಿಂದೆ ಸರಿಯುತ್ತಿತ್ತು. ಹಾಳಾದ್ದು, ನಗು ಚೆನ್ನಾಗಿತ್ತು.

ಎರಡೂ ಮನೆಯವರು ಮದುವೆಗೆ ಒಪ್ಪಿದ್ದರು; ಗಗನಳ ಮಾತೊಂದೇ ಬಾಕಿ. ಹೋದ ಭಾನುವಾರ ಅವನು ಸಿದ್ಧಾರ್ಥನಗರದ ಅವಳ ಮನೆಗೆ ಮೊದಲ ಸಲ ಊಟಕ್ಕೆ ಬಂದಿದ್ದ. ಅಮ್ಮ ಬೆಳಗ್ಗೆ ಐದಕ್ಕೇ ಎದ್ದು ಬಸ್ಸಾರು ಮಾಡಿ, ಬಿಸಿಬಿಸಿ ರಾಗಿಮುದ್ದೆ ಬಡಿಸಿದ್ದಳು. ಅವನು ತಟ್ಟೆಯನ್ನೇ ದಿಟ್ಟಿಸಿ, “ಹೊಟ್ಟೆ ಸರಿಯಿಲ್ಲ ಆಂಟಿ” ಎಂದು ಎದ್ದುಬಿಟ್ಟ.

“ದೊಡ್ಡ ಆರ್ಕಿಟೆಕ್ಟು. ನಮ್ಮನೆ ಊಟ ಎಲ್ಲಿ ಸೇರುತ್ತೆ ಬುಡು,” ಎಂದು ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು. ಹುಡುಗ ಮನಸ್ಸಿಗೆ ಹಿಡಿಸಿದ್ದರಿಂದಲೇ ಗಗನಳಿಗೆ ನೋವು ಜಾಸ್ತಿಯಾಗಿತ್ತು.

ಸುಶಿ ಬಂತು. ಪುಟ್ಟ ಅನ್ನದ ಉಂಡೆ, ಮೇಲೊಂದು ಮೀನಿನ ಹೋಳು. ಅಭಿಲಾಷ್ ಎರಡು ಕಡ್ಡಿ ಹಿಡಿದು ಒದ್ದಾಡಿದ. ಎರಡು ಸಲ ಉಂಡೆ ಜಾರಿ ಬಿತ್ತು.

“ಕೈಯಲ್ಲೇ ತಗೊಳ್ಳಿ ಸರ್, ಜಪಾನಲ್ಲೂ ಹಂಗೇ ತಿಂತಾರೆ,” ಎಂದಳು ಬಡಿಸುವ ಹುಡುಗಿ.

ಅವನ ಮುಖ ಅರಳಿತು. ಉಂಡೆ ಎತ್ತಿಕೊಂಡು, ಹೆಬ್ಬೆರಳಲ್ಲಿ ಮೆಲ್ಲಗೆ ಗುಂಡಿ ಒತ್ತಿ, ಸೋಯಾ ಸಾಸಿಗೆ ಅದ್ದಿ, ಅಗಿಯದೆ ಗುಳುಕ್ಕನೆ ನುಂಗಿದ. ಮರುಕ್ಷಣವೇ ಅನ್ನ ಗಂಟಲಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂತು.

ಗಗನ ನೀರಿನ ಲೋಟ ಚಾಚಿದಳು. ಹಾಗೆ ನುಂಗುವವರು ಯಾರೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ನೀವು ಮುದ್ದೆ ತಿಂತೀರಾ?”

“ದಿನಾ. ಇಲ್ದಿದ್ರೆ ಊಟ ಮಾಡ್ದಂಗೇ ಇರಲ್ಲ ಕಣ್ರೀ.”

“ಮತ್ತೆ ಅವತ್ತು?”

ಅವನು ತಲೆ ತಗ್ಗಿಸಿದ. “ತಟ್ಟೆ ಪಕ್ಕ ಸ್ಪೂನು, ಫೋರ್ಕು ಇತ್ತು. ಮುದ್ದೇನ ಸ್ಪೂನಲ್ಲಿ ಹೆಂಗ್ರೀ ತಿನ್ನೋದು? ಕೈ ಹಾಕಿದ್ರೆ ನೀವು ಗಮಾರ ಅಂದ್ಕೋತೀರ ಅಂತ ಹೆದರ್ಬುಟ್ಟೆ. ಆಮೇಲೆ ಮೆಸ್ಸಿಗೆ ಹೋಗಿ ಎರಡು ಮುದ್ದೆ ತಿಂದೆ. ನಿಮ್ಮಮ್ಮನ ಮುಖ ನೆನೆಸ್ಕೊಂಡ್ರೆ ಇವತ್ತಿಗೂ ಬೇಜಾರು.”

ಅಮ್ಮ ಬೇಡವೆಂದರೂ ಶೋಕೇಸಿನಿಂದ ಆ ಸ್ಪೂನು ತೆಗೆದು, ಸೆರಗಿನಲ್ಲಿ ಒರೆಸಿ ಇಟ್ಟವಳು ಗಗನಳೇ. ನಾಚಿಕೆಯಾಯಿತು. ಅದರ ಹಿಂದೆಯೇ, ತಡೆಯಲಾಗದಷ್ಟು ಪ್ರೀತಿಯೂ ಬಂತು.

“ಸ್ಪೂನು ಇಟ್ಟಿದ್ದು ಅಮ್ಮ ಅಲ್ಲ, ನಾನು.”

ಅವನು ಬೆರಗಾಗಿ ನೋಡಿದ. ಅವಳು ತನ್ನ ಕಡ್ಡಿಗಳನ್ನು ಪಕ್ಕಕ್ಕಿಟ್ಟು, ಕೈಯಲ್ಲೇ ಒಂದು ಸುಶಿ ಎತ್ತಿಕೊಂಡಳು.

“ಇದನ್ನ ಅಗಿದು ತಿನ್ನಿ. ಭಾನುವಾರ ಮನೆಗೆ ಬನ್ನಿ, ಅಲ್ಲಿ ಮುದ್ದೆ ನುಂಗೋರಂತೆ.”

“ಅಂದ್ರೆ... ಒಪ್ಪಿಗೇನಾ?” ಅವನು ಮುಂದಕ್ಕೆ ಬಾಗಿದ. “ತಟ್ಟೆ ಪಕ್ಕ ಸ್ಪೂನು ಇರಲ್ವಾ?”

“ಇಲ್ಲ,” ಎಂದಳು ಗಗನ. “ಆ ಜಾಗದಲ್ಲಿ ನಾನು ಕೂತಿರ್ತೀನಿ.”