ಗಂಟುನೋವಿನ ಮಾತ್ರೆ

1971ರ ಮಾರ್ಚ್ 9, ಮಂಗಳವಾರ, ಬೆಳಿಗ್ಗೆ 7.40. ಶಂಕರನಾರಾಯಣ ಎಂಬ ಊರಿನಿಂದಾಚೆಯ ಸಣ್ಣ ಪೊಲೀಸ್ ಠಾಣೆಗೆ ವನಜ ಶೆಡ್ತಿ ಬಂದು ದೂರು ಕೊಟ್ಟರು. ಆಕೆಯ ತಂದೆ, ಜಮೀನುದಾರ ಭೋಜರಾಜ ಶೆಟ್ಟರು, ಹಿಂದಿನ ಸಂಜೆ ಮೂಗು ಬಾಯಿಯಿಂದ ರಕ್ತ ಸುರಿದು ತೀರಿಕೊಂಡಿದ್ದರು.

"ಗಂಜಿಗೆ ಇಲಿ ಪಾಷಾಣ ಹಾಕಿದ್ ಅಡ್ಗಿ ಅಮ್ಮಣ್ಣಿಯೇ."

ಸಬ್‌ಇನ್‌ಸ್ಪೆಕ್ಟರ್ ಅಣ್ಣಯ್ಯ ಎಫ್‌ಐಆರ್ ದಾಖಲಿಸಿ, ಹೆಣವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಿದರು. ಅಡುಗೆಮನೆಯ ಅಟ್ಟದಲ್ಲಿ ಇಲಿ ಪಾಷಾಣದ ಡಬ್ಬಿ ಸಿಕ್ಕಿತು. ಪಂಚನಾಮೆಯಾಯಿತು.

"ಇದು ಎಂತಕ್ಕೆ?"

"ಇಲಿಗೆ, ಒಡೆಯಾ. ಗಂಜಿಗೆ ನಾ ಎಂತದೂ ಹಾಕ್ಲಿಲ್ಲೆ," ಎಂದು ಅಮ್ಮಣ್ಣಿ ಅತ್ತಳು. ಅಂದೇ ಅವಳನ್ನು ಜೈಲಿಗೆ ಕಳಿಸಲಾಯಿತು.

ಮಾರ್ಚ್ 27ರಂದು ಬೆಂಗಳೂರಿನಿಂದ ರಾಸಾಯನಿಕ ಪರೀಕ್ಷಕರ ವರದಿ ಬಂತು. ಇಲಿ ಪಾಷಾಣದಲ್ಲಿರುವ ವಸ್ತುವೇ ಶೆಟ್ಟರು ಹೃದಯಕ್ಕೆಂದು ನುಂಗುತ್ತಿದ್ದ, ರಕ್ತ ತೆಳುವಾಗಿಸುವ ಮಾತ್ರೆಯಲ್ಲೂ ಇತ್ತು. ಆದರೆ ರಕ್ತದಲ್ಲಿ ಸಿಕ್ಕಿದ್ದು ವೈದ್ಯರು ಬರೆದುಕೊಟ್ಟ ಪ್ರಮಾಣದಷ್ಟೇ. ಜೊತೆಗೆ ಗಂಟುನೋವಿನ ಮಾತ್ರೆಯ ಅಂಶವಿತ್ತು.

ಅಣ್ಣಯ್ಯ ಜೈಲಿಗೆ ಹೋಗಿ ಕೇಳಿದರು. "ಗಂಟುನೋವಿನ ಮಾತ್ರೆ ಕೊಟ್ಟದ್ದು ಯಾರು?"

"ಕಂಪೌಂಡರ್ ಶೇಖರಣ್ಣ. ಮನಿಗೇ ಬಂದ್ ಕೊಟ್ರ್."

"ಮೊದಲೇ ಯಾಕೆ ಹೇಳಲಿಲ್ಲ?"

"ನೀವ್ ಇಲಿ ಪಾಷಾಣ ಬಿಟ್ರೆ ಬೇರೆ ಎಂತ ಕೇಂಡ್ರಿ?"

ಅಣ್ಣಯ್ಯನವರ ತಲೆ ತಗ್ಗಿತು. ಅಂದೇ ಪೇದೆ ಮುತ್ತ, ಭೋಜರಾಜ ಶೆಟ್ಟರ ಹಾಸಿಗೆಯ ಬಳಿ ಉಳಿದಿದ್ದ ಮಾತ್ರೆಯ ಪೊಟ್ಟಣವನ್ನು ವಶಪಡಿಸಿಕೊಂಡ.

ಸೋಮವಾರ ಬೆಳಿಗ್ಗೆ 11 ಗಂಟೆಗೆ, ಆ ಎರಡು ಮಾತ್ರೆ ಸೇರಿದರೆ ಏನಾಗುತ್ತದೆಂದು ತಿಳಿಯಲು ಅಣ್ಣಯ್ಯ ಒಂದು ವೈದ್ಯಕೀಯ ಕಾಲೇಜಿನಲ್ಲಿದ್ದರು. ಅಲ್ಲಿ ಔಷಧಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಪ್ರಭಾವತಿ, ರಕ್ತದ ಪ್ರೋಟೀನು ಮತ್ತು ಹೃದಯದ ಮಾತ್ರೆ ಬೆರೆಸಿದ ಗಾಜಿನ ನಳಿಕೆಯೊಂದನ್ನು ಯಂತ್ರದೊಳಗಿಟ್ಟು ಬೆಳಕು ಹಾಯಿಸಿದರು. ಯಂತ್ರದ ಅಳತೆಯ ಮುಳ್ಳು ಮೇಲೇರಿತು.

"ಮಾತ್ರೆ ಪ್ರೋಟೀನಿಗೆ ಅಂಟಿಕೊಂಡಾಗ ಹೀಗೆ ಹೊಳೆಯುತ್ತದೆ. ಗೂಟಕ್ಕೆ ಕಟ್ಟಿದ ದನದ ಹಾಗೆ, ಯಾರಿಗೂ ಹಾಯುವುದಿಲ್ಲ. ಈಗ ನೋಡಿ." ಗಂಟುನೋವಿನ ಔಷಧದ ನಾಲ್ಕು ಹನಿ ಬಿದ್ದದ್ದೇ ಮುಳ್ಳು ಇಳಿಯಿತು. "ಇದು ಬಂದು ಹಗ್ಗ ಬಿಚ್ಚಿತು. ರಕ್ತದಲ್ಲಿರುವ ಮಾತ್ರೆಯ ಪ್ರಮಾಣ ಮೊದಲಿನಷ್ಟೇ. ಆದರೆ ಬಿಡಿಯಾದದ್ದು ರಕ್ತ ಹೆಪ್ಪುಗಟ್ಟಲು ಬಿಡದೆ ಕೊಲ್ಲುತ್ತದೆ."

"ಇದು ನಮ್ಮ ಕಡೆ ಯಾರಿಗೆ ಗೊತ್ತು?"

"ಊರಿನ ಡಾಕ್ಟರುಗಳಿಗೇ ಗೊತ್ತಿಲ್ಲ." ಪ್ರಭಾವತಿ ಯೋಚಿಸಿದರು. "ನಮ್ಮಲ್ಲಿ ಎರಡು ವರ್ಷ ಈ ನಳಿಕೆಗಳನ್ನು ತುಂಬಿಸುತ್ತಿದ್ದವ ನಿಮ್ಮ ಕಡೆಯವನೇ. ಶೇಖರ ಅಂತ."

ಮಾರ್ಚ್ 30, ಮಧ್ಯಾಹ್ನ 12.15. ಶೇಖರ ಕ್ಲಿನಿಕ್ಕಿನಲ್ಲಿ ಒಬ್ಬರ ಕಾಲಿಗೆ ಪಟ್ಟಿ ಕಟ್ಟುತ್ತಿದ್ದ. ಕಟ್ಟಿ ಮುಗಿಸಿ, ಕೈ ತೊಳೆದು ಬಂದ.

"ಎರಡೂ ಮಾತ್ರೆ ಸೇರಿದ್ರೆ ಎಂತ ಆಗ್ತದೆ ಅಂತ ಗೊತ್ತಿತ್ತಾ?"

"ಗೊತ್ತಿತ್ತ್. ಗೊತ್ತಿದ್ದೇ ಕೊಟ್ಟದ್."

ಎರಡು ವರ್ಷದ ಹಿಂದೆ ಅವನ ತಂಗಿ ಸುಂದರಿಗೆ ಹೆರಿಗೆಯಾಗಿ ರಕ್ತ ನಿಂತಿರಲಿಲ್ಲ. ಊರಿನಲ್ಲಿ ಕಾರಿದ್ದದ್ದು ಶೆಟ್ಟರಿಗೆ ಮಾತ್ರ.

"ಕಾಲ್ ಹಿಡ್ದೆ. 'ಸೀಟಿಗೆ ರಕ್ತ ಆತ್ತ್, ಎತ್ತಿನ ಗಾಡಿ ಕಟ್ಟ್' ಅಂದ್ರ್. ಗಾಡಿ ಹಾಲಾಡಿ ಪೇಟಿಗ್ ಬಪ್ಪತ್ತಿಗೆ ಅವ್ಳ್ ತಣ್ಣಗಾಯಿದ್ಲ್."

ಅಣ್ಣಯ್ಯ ಬಹಳ ಹೊತ್ತು ಬರೆದುಕೊಂಡರು. ಆಮೇಲೆ ಕೇಳಿದರು. "ಅಮ್ಮಣ್ಣಿ ಎಂತ ಮಾಡಿದ್ಲು ನಿಂಗೆ? ಇಪ್ಪತ್ತೊಂದು ದಿನ ಜೈಲಲ್ಲಿ ಕೂತ್ಲಲ್ಲ."

ಶೇಖರ ಉಳಿದ ಪಟ್ಟಿಯ ಬಟ್ಟೆಯನ್ನು ಸುತ್ತಿಟ್ಟು, ಅಣ್ಣಯ್ಯನವರ ಜೊತೆ ಠಾಣೆಗೆ ಹೊರಟ.

ಮರುದಿನ ಅಮ್ಮಣ್ಣಿ ಬಿಡುಗಡೆಯಾದಳು. ಶೆಟ್ಟರ ಮನೆಯವರು ಅವಳನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ.

ದೋಷಾರೋಪ ಪಟ್ಟಿಯಲ್ಲಿ ಕೃತ್ಯದ ಕಾರಣ ಎಂಬಲ್ಲಿ ಅಣ್ಣಯ್ಯ 'ಹಳೆಯ ದ್ವೇಷ' ಎಂದು ಬರೆದರು. ಆಮೇಲೆ ಅದನ್ನು ಹೊಡೆದುಹಾಕಿ, 'ಸುಂದರಿ, ಪ್ರಾಯ 22, ಹೆರಿಗೆಯ ನಂತರದ ರಕ್ತಸ್ರಾವದಿಂದ ಮೃತಳು' ಎಂದು ಬರೆದರು.